ಪೆಟ್ರೋಲೋ, ವಿದ್ಯುತ್ತೋ?

ಹೊಸ ಯಂತ್ರವೊಂದು ಬಳಕೆಗೆ ಬಂದಾಗ ಜನರಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ಹೊಸದೆಂಬ ಕಾರಣಕ್ಕೇ ಕೆಲವರು ಅದನ್ನು ಹೊಗಳುವರು. ಹೊಸದೆಂಬ ಕಾರಣಕ್ಕೇ ಮತ್ತೆ ಕೆಲವರು ಅದನ್ನು ಹಳಿಯುವರು. ಲೆಕ್ಕ ಮಾಡಿ ನೋಡುವ ಶ್ರಮವನ್ನು ಮಾತ್ರ ಇಬ್ಬರೂ ತೆಗೆದುಕೊಳ್ಳುವುದಿಲ್ಲ. ವಿದ್ಯುಚ್ಛಕ್ತಿಯಿಂದ ಓಡುವ ಕಾರಿನ ವಿಷಯದಲ್ಲಿ ಇಂದು ನಡೆಯುತ್ತಿರುವುದೂ ಇದೇ. ಬೀದರ ನಗರದ ಚಿದ್ರಿಯಂಥ ಬಡಾವಣೆಗಳಲ್ಲಿಯೂ ಹಸುರು ಫಲಕದ ಗಾಡಿಗಳು ಕಾಣಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ, “ನಮ್ಮ ಪೆಟ್ರೋಲು ಕಾರನ್ನು ಕೊಟ್ಟು ವಿದ್ಯುತ್ ಕಾರನ್ನು ತರೋಣವೆ?” ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತಿದೆ.

ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಕಾರು ಕೊಳ್ಳುವ ಹಣ ಅವರ ಕೈಯಲ್ಲಿಲ್ಲ, ನಿಜ. ಆದರೆ ವಾಟು, ಯೂನಿಟ್ಟು, ದಕ್ಷತೆ ಮುಂತಾದ ಮಾತುಗಳ ಅರ್ಥವನ್ನು ಬಲ್ಲವರು ಎಷ್ಟೋ ಮನೆಗಳಲ್ಲಿ ಅವರೊಬ್ಬರೇ. ಸಂಸಾರದ ಎಷ್ಟೋ ವರ್ಷಗಳ ಉಳಿತಾಯವು ಒಂದೇ ಸಲಕ್ಕೆ ಖರ್ಚಾಗುವ ಸಂದರ್ಭದಲ್ಲಿ, ತಂದೆಯವರ ಪಕ್ಕದಲ್ಲಿ ಕುಳಿತು ಲೆಕ್ಕ ಹಾಕಿಕೊಡುವ ಭಾರವು ಅವರ ಮೇಲೆಯೇ ಬೀಳುವುದು. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದು ಉತ್ತರವಿಲ್ಲ. ಉತ್ತರವು ಅವರವರು ಪ್ರತಿದಿನ ಸಾಗುವ ದಾರಿಯ ಉದ್ದದಲ್ಲಿ ಅಡಗಿದೆ. ಹೆಚ್ಚು ದೂರ ಓಡಿಸುವವರು ಬದಲಾಯಿಸಲಿ. ಕಡಮೆ ಓಡಿಸುವವರು ಇರುವುದನ್ನೇ ಜೋಪಾನವಾಗಿ ಇಟ್ಟುಕೊಳ್ಳಲಿ. ಹೀಗೆನ್ನುವುದಕ್ಕೆ ಕಾರಣಗಳೇನೆಂಬುದನ್ನು ಮುಂದೆ ನೋಡೋಣ.

ವಿದ್ಯುತ್ ಕಾರು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಫ್ರಾನ್ಸಿನ ಪ್ಲಾಂಟೆಯು 1859ರಲ್ಲಿ ಸೀಸದ ಬ್ಯಾಟರಿಯನ್ನು ನಿರ್ಮಿಸಿದನು. 1899ರಲ್ಲಿ ಬೆಲ್ಜಿಯಮ್ಮಿನ ಜೆನಾಟ್ಸಿ ಎಂಬಾತನು ವಿದ್ಯುತ್ ಗಾಡಿಯೊಂದನ್ನು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿಸಿದನು; ಆ ಮಿತಿಯನ್ನು ದಾಟಿದ ಮೊದಲ ರಸ್ತೆವಾಹನವೇ ಅದು. ಆಗಿನ ಪೆಟ್ರೋಲು ಗಾಡಿಯನ್ನು ಕೈಯಿಂದ ಹಿಡಿಕೆ ತಿರುಗಿಸಿ ಹೊರಡಿಸಬೇಕಾಗಿತ್ತು. 1912ರಲ್ಲಿ ಅಮೆರಿಕದಲ್ಲಿ ಕೆಟರಿಂಗನು ರೂಪಿಸಿದ ಸ್ವಯಂಚಾಲಕವು ಕಾರುಗಳಲ್ಲಿ ಬಂದ ಮೇಲೆ ಆ ತೊಂದರೆಯೂ ತಪ್ಪಿತು. ಒಂದು ಪುಟ್ಟ ವಿದ್ಯುತ್ ಮೋಟಾರಿನ ನೆರವಿನಿಂದಲೇ ಪೆಟ್ರೋಲು ಗಾಡಿಯು ವಿದ್ಯುತ್ ಗಾಡಿಯನ್ನು ಹಿಂದಕ್ಕೆ ತಳ್ಳಿತೆಂಬುದು ಇತಿಹಾಸದ ಒಂದು ವಿನೋದ. ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲುಂಟು. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಚಿಕ್ಕ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು; 2017ರಲ್ಲಿ ನಮ್ಮ ರಾಜ್ಯವು ದೇಶದಲ್ಲಿಯೇ ಮೊದಲನೆಯದಾಗಿ ವಿದ್ಯುತ್ ವಾಹನಗಳಿಗೆಂದು ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು.

ಹಾಗಾದರೆ ಇಷ್ಟು ಕಾಲ ಅಡ್ಡಿಯಾಗಿದ್ದುದು ಯಾವುದು? ಭಾರ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟು, ಎಂದರೆ 9 ಕಿಲೋವಾಟ್-ಗಂಟೆಯಷ್ಟು ಶಕ್ತಿಯಿದೆ. ಲೀಟರಿಗೆ 16 ಕಿಲೋಮೀಟರು ಓಡುವ ಚಿಕ್ಕ ಕಾರು 200 ಕಿಲೋಮೀಟರು ಹೋಗಲು ಹನ್ನೆರಡೂವರೆ ಲೀಟರು ಸಾಕು. ಅದರ ತೂಕ ಒಂಬತ್ತು ಕಿಲೋಗ್ರಾಂ ಮಾತ್ರ. ಅಷ್ಟೇ ದೂರವನ್ನು ವಿದ್ಯುತ್ತಿನಿಂದ ಸಾಗಬೇಕಾದರೆ, ಇಂದಿನ ಲಿಥಿಯಮ್ ಬ್ಯಾಟರಿಯಲ್ಲಿಯೂ ಇನ್ನೂರು ಕಿಲೋಗ್ರಾಂಗೆ ಸಮೀಪದ ಭಾರವನ್ನು ಹೊರಬೇಕು. ಹಿಂದಿನ ಸೀಸದ ಬ್ಯಾಟರಿಯಾಗಿದ್ದರೆ ಇದರ ಮೂರು ನಾಲ್ಕು ಪಟ್ಟು ಬೇಕಾಗುತ್ತಿತ್ತು. 1991ರಲ್ಲಿ ಮಾರಾಟಕ್ಕೆ ಬಂದ ಲಿಥಿಯಮ್-ಅಯಾನು ಬ್ಯಾಟರಿಯೇ ಪರಿಸ್ಥಿತಿಯನ್ನು ಬದಲಿಸಿತು. ಅದಕ್ಕೆ ತಳಹದಿ ಹಾಕಿದ ಗುಡ್ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಭಾರದಲ್ಲಿ ಸೋತರೂ ದಕ್ಷತೆಯಲ್ಲಿ ವಿದ್ಯುತ್ತಿನದೇ ಗೆಲುವು. ಪೆಟ್ರೋಲು ಯಂತ್ರವು ತನಗೆ ದೊರೆತ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲನ್ನು ಶಾಖವಾಗಿ ಹೊರಗೆ ಚೆಲ್ಲುತ್ತದೆ. ಉಷ್ಣವನ್ನು ಚಲನೆಯಾಗಿ ಮಾರ್ಪಡಿಸುವ ಯಾವ ಯಂತ್ರಕ್ಕೂ ಇಂಥದೊಂದು ಸುಂಕವಿದೆಯೆಂಬುದನ್ನು ಕಾರ್ನೋ 1824ರಷ್ಟು ಹಿಂದೆಯೇ ತೋರಿಸಿದ್ದಾನೆ. ವಿದ್ಯುತ್ ಮೋಟಾರಿಗೆ ಆ ಸುಂಕವಿಲ್ಲ. ನಾವು ಉದಾಹರಣೆಗೆ ಹಿಡಿದ ಪೆಟ್ರೋಲು ಕಾರು ಕಿಲೋಮೀಟರಿಗೆ ಅರ್ಧ ಯೂನಿಟ್ಟಿಗಿಂತಲೂ ಹೆಚ್ಚು ಶಕ್ತಿಯನ್ನು ನುಂಗಿದರೆ, ಅದೇ ಗಾತ್ರದ ವಿದ್ಯುತ್ ಕಾರಿಗೆ ಬ್ಯಾಟರಿಯಿಂದ 0.12 ಯೂನಿಟ್ಟು ಸಾಕು. ಚಾರ್ಜು ಮಾಡುವಾಗಿನ ನಷ್ಟವನ್ನು ಸೇರಿಸಿದರೆ ಮನೆಯ ಮೀಟರಿನಲ್ಲಿ 0.14 ಯೂನಿಟ್ಟು ಓಡುವುದು. ಮುಂದಿನ ಲೆಕ್ಕಗಳಿಗೆಲ್ಲ ಈ ಸಂಖ್ಯೆಯೇ ಆಧಾರ.

ಈಗ ನಮ್ಮ ಊರಿನ ದಾರಿಗಳಿಗೆ ಬರೋಣ. ಚಿದ್ರಿಯಲ್ಲಿ ಮನೆ ಮಾಡಿಕೊಂಡು ಔರಾದಿನಲ್ಲಿಯೋ ಭಾಲ್ಕಿಯಲ್ಲಿಯೋ ಕೆಲಸ ಮಾಡುವ ಉಪಾಧ್ಯಾಯರೊಬ್ಬರಿರುವರೆಂದು ಭಾವಿಸೋಣ. ಎರಡು ಊರುಗಳೂ ಬೀದರಿನಿಂದ ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿವೆ. ಹೋಗಿ ಬರುವುದಕ್ಕೆ ದಿನಕ್ಕೆ 80 ಕಿಲೋಮೀಟರು. ಚಿಕ್ಕ ವಿದ್ಯುತ್ ಕಾರುಗಳಲ್ಲಿ 24 ಯೂನಿಟ್ಟು ಹಿಡಿಯುವ ಬ್ಯಾಟರಿ ಉಂಟು. 2022ರಲ್ಲಿ ಬಂದ ಟಾಟಾ ಟಿಯಾಗೊ ಇದಕ್ಕೊಂದು ನಿದರ್ಶನ. ಅದು 315 ಕಿಲೋಮೀಟರು ಓಡುವುದೆಂದು ಆಗ ಪ್ರಕಟವಾದ ಸಂಖ್ಯೆಯು ಪರೀಕ್ಷಾಕೇಂದ್ರದಲ್ಲಿ ನಿಯತ ಕ್ರಮದಿಂದ ಅಳೆದದ್ದು. ರಸ್ತೆಯ ಮೇಲೆ 200 ಎಂದು ಹಿಡಿಯುವುದು ವಿವೇಕ. ಹಾಗೆ ಹಿಡಿದರೂ ಸಂಜೆ ಮನೆಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಉಳಿದಿರುವುದು. ಖರ್ಚಾದುದನ್ನು ತುಂಬಲು ಹನ್ನೊಂದು ಯೂನಿಟ್ಟು ಬೇಕು. ಹದಿನೈದು ಆಂಪಿಯರಿನ ಸಾಮಾನ್ಯ ಪ್ಲಗ್ಗಿನಲ್ಲಿ ಇದು ನಾಲ್ಕು ಗಂಟೆಯ ಕೆಲಸ. ರಾತ್ರಿಯಲ್ಲಿ ಒಂದೆರಡು ಗಂಟೆ ವಿದ್ಯುತ್ತು ಹೋದರೂ ಬೆಳಗಾಗುವುದರೊಳಗೆ ಗಾಡಿ ಸಿದ್ಧವಾಗಿರುವುದು.

ಏರುದಾರಿಯಲ್ಲಿ ಬ್ಯಾಟರಿ ಬರಿದಾದೀತೆಂದು ಅಂಜುವವರಿದ್ದಾರೆ. ಬೀದರು ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಔರಾದಿಗೆ ಹೋಗುವವರು ಇಳಿದು ಮಾಂಜ್ರಾ ನದಿಯನ್ನು ದಾಟಬೇಕು, ಬರುವಾಗ ಮತ್ತೆ ಏರಬೇಕು. ಈ ಏರು ನೂರು ಮೀಟರು, ಗಾಡಿಯ ತೂಕ 1,200 ಕಿಲೋಗ್ರಾಂ ಎಂದು ಹಿಡಿಯೋಣ. ತೂಕ, ಗುರುತ್ವ, ಎತ್ತರ ಇವನ್ನು ಗುಣಿಸಿದರೆ ಸುಮಾರು ಹನ್ನೆರಡು ಲಕ್ಷ ಜೌಲು ಬರುವುದು. ಯೂನಿಟ್ಟಿಗೆ 36 ಲಕ್ಷ ಜೌಲಿನಂತೆ ಇದು ಯೂನಿಟ್ಟಿನ ಮೂರನೆಯ ಒಂದು ಪಾಲು. ಸಮತಲದಲ್ಲಿ ಮೂರು ಕಿಲೋಮೀಟರು ಹೋಗುವ ಖರ್ಚಿಗಿಂತ ಇದು ಕಡಮೆಯೇ. ಇಳಿಯುವಾಗ ಮೋಟಾರು ತಾನೇ ಡೈನಮೋ ಆಗಿ ಇದರಲ್ಲಿ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬೇಸಗೆಯಲ್ಲಿ ಕಾರಿನೊಳಗಿನ ತಂಪುಯಂತ್ರವು ಗಂಟೆಗೆ ಸುಮಾರು ಒಂದು ಯೂನಿಟ್ಟನ್ನು ಎಳೆದುಕೊಂಡರೆ ಎಂಟು ಕಿಲೋಮೀಟರು ಕಡಮೆಯಾಗುವುದು. ಹೀಗೆ, ಕಣ್ಣಿಗೆ ಕಾಣುವ ಏರಿಗಿಂತ ಕಿವಿಗೂ ಕೇಳಿಸದ ತಂಪುಯಂತ್ರವೇ ಹೆಚ್ಚು ತಿನ್ನುವುದು. ಊಹೆಗೂ ಅಳತೆಗೂ ಇರುವ ಅಂತರ ಇಷ್ಟು.

ದೂರದ ಪ್ರಯಾಣದ ಮಾತು ಬೇರೆ. ಬೀದರಿನವರಿಗೆ ಹೈದರಾಬಾದು ವ್ಯಾಪಾರಕ್ಕೆ ಮಾತ್ರವಲ್ಲದೆ ದೊಡ್ಡ ಆಸ್ಪತ್ರೆಗಳಿಗೂ ಹತ್ತಿರದ ಮಹಾನಗರ. ಜಹೀರಾಬಾದಿನ ಮೇಲೆ ಅಲ್ಲಿಗೆ ಸುಮಾರು 140 ಕಿಲೋಮೀಟರು. ಹೊಸ ಬ್ಯಾಟರಿ ತುಂಬಿದ್ದರೆ ಒಂದು ದಿಕ್ಕಿನ ಪ್ರಯಾಣಕ್ಕೆ ಚಿಂತೆಯಿಲ್ಲ. ಹಿಂದಿರುಗುವ ಮುನ್ನ ಅಲ್ಲಿ ಚಾರ್ಜು ಮಾಡಲೇಬೇಕು. ಆದರೆ ಬ್ಯಾಟರಿಯೂ ಮುಪ್ಪಾಗುವುದು. ಎಂಟು ವರ್ಷಗಳಲ್ಲಿ ಅದರ ಧಾರಣಶಕ್ತಿ ನೂರಕ್ಕೆ ಎಪ್ಪತ್ತಕ್ಕೆ ಇಳಿದರೆ 200ರ ದೂರ 140ಕ್ಕೆ ಬಂದು ನಿಲ್ಲುತ್ತದೆ. ಔರಾದಿನ ಉಪಾಧ್ಯಾಯರಿಗೆ ಆಗಲೂ ತೊಂದರೆಯಿಲ್ಲ. ಹೈದರಾಬಾದಿನ ಪ್ರಯಾಣಿಕನಿಗೆ ತೊಂದರೆಯುಂಟು. ಮನೆಯಲ್ಲಿ ವೃದ್ಧರೋ ದೀರ್ಘರೋಗಿಗಳೋ ಇದ್ದು ಪದೇ ಪದೇ ಅಲ್ಲಿಗೆ ಧಾವಿಸಬೇಕಾದವರು ದೊಡ್ಡ ಬ್ಯಾಟರಿಯ ಗಾಡಿಯನ್ನು ಕೊಳ್ಳಬೇಕು, ಇಲ್ಲವೆ ಸದ್ಯಕ್ಕೆ ಪೆಟ್ರೋಲನ್ನೇ ನೆಚ್ಚಬೇಕು. ಅಪರೂಪಕ್ಕೊಮ್ಮೆ ಬರುವ ಆಪತ್ತಿಗೆ 108ರ ಆಂಬುಲೆನ್ಸು ಇದೆ. ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಹೋಗುವವರಿಗೆ ರೈಲು ಇದೆ. ವರ್ಷದ ಎರಡು ದಿನಗಳಿಗಾಗಿ ಉಳಿದ ಮುನ್ನೂರ ಅರವತ್ತಮೂರು ದಿನಗಳ ಗಾಡಿಯನ್ನು ಆರಿಸುವುದು ಲೆಕ್ಕ ಬಲ್ಲವರ ಕ್ರಮವಲ್ಲ.

ಇನ್ನು ಹಣದ ಮಾತು. ಪೆಟ್ರೋಲು ಲೀಟರಿಗೆ 100 ರೂಪಾಯಿ, ವಿದ್ಯುತ್ತು ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿಯೋಣ. ದರಗಳು ಬದಲಾದಾಗ ಓದುಗರೇ ಸಂಖ್ಯೆಗಳನ್ನು ತಿದ್ದಿಕೊಳ್ಳಬಹುದು. ಪೆಟ್ರೋಲು ಕಾರಿಗೆ ಕಿಲೋಮೀಟರಿಗೆ ಆರೂಕಾಲು ರೂಪಾಯಿ, ವಿದ್ಯುತ್ ಕಾರಿಗೆ ಒಂದು ರೂಪಾಯಿ, ಉಳಿತಾಯ ಐದೂಕಾಲು. ಒಂದೇ ಬಗೆಯ ಎರಡು ಹೊಸ ಕಾರುಗಳಲ್ಲಿ ವಿದ್ಯುತ್ತಿನದಕ್ಕೆ ಎರಡೂವರೆ ಲಕ್ಷ ರೂಪಾಯಿ ಹೆಚ್ಚು ತೆರಬೇಕಾದರೆ, ಆ ಹಣ ಮರಳಿ ಬರಲು ಸುಮಾರು 48,000 ಕಿಲೋಮೀಟರು ಓಡಿಸಬೇಕು. ವರ್ಷಕ್ಕೆ 250 ದಿನ ಕೆಲಸಕ್ಕೆ ಹೋಗುವ ನಮ್ಮ ಉಪಾಧ್ಯಾಯರು ವರ್ಷಕ್ಕೆ 20,000 ಕಿಲೋಮೀಟರು ಸಾಗುವರು. ಎರಡೂವರೆ ವರ್ಷದೊಳಗೆ ಅವರ ಹಣ ಕೈಸೇರುವುದು.

ಅದೇ ಚಿದ್ರಿಯಿಂದ ಬೀದರಿನ ಪೇಟೆಯ ಅಂಗಡಿಗೆ ದಿನಕ್ಕೆ ಎಂಟು ಕಿಲೋಮೀಟರು ಹೋಗಿಬರುವ ವರ್ತಕರನ್ನು ನೋಡಿ. ಮುನ್ನೂರು ದಿನಕ್ಕೆ 2,400 ಕಿಲೋಮೀಟರು. ಅವರ ಎರಡೂವರೆ ಲಕ್ಷ ಮರಳಲು ಇಪ್ಪತ್ತು ವರ್ಷ ಬೇಕು. ತಯಾರಕರು ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಭರವಸೆಯೋ ಎಂಟು ವರ್ಷ ಅಥವಾ 1,60,000 ಕಿಲೋಮೀಟರು, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಹಣ ಹಿಂದಿರುಗುವ ಹೊತ್ತಿಗೆ ಗಾಡಿಯೇ ಇರುವುದೋ ಇಲ್ಲವೋ! ಇನ್ನು, ಸುಸ್ಥಿತಿಯಲ್ಲಿರುವ ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುವುದಾದರೆ ಲೆಕ್ಕ ಮತ್ತೂ ಬಿಗಿಯಾಗುವುದು. ಒಂಬತ್ತು ಲಕ್ಷದ ಹೊಸ ಗಾಡಿಗೆ ಹಳೆಯದರಿಂದ ಮೂರು ಲಕ್ಷ ದೊರೆತರೆ ಕೈಯಿಂದ ಹಾಕುವುದು ಆರು ಲಕ್ಷ. ಅದು ಮರಳಲು 1,14,000 ಕಿಲೋಮೀಟರು ಬೇಕು. ಉಪಾಧ್ಯಾಯರಿಗೆ ಇದು ಆರು ವರ್ಷದೊಳಗಿನ ಮಾತು, ಬ್ಯಾಟರಿಯ ಭರವಸೆಯ ಅವಧಿಗೆ ಒಳಪಟ್ಟದ್ದು. ಸಾಲ ಮಾಡಿ ಕೊಂಡರೆ ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು. ವರ್ತಕರಿಗಂತೂ ಜನ್ಮವಿಡೀ ಮುಗಿಯದ ಲೆಕ್ಕ.

ಮನೆಯ ಮೀಟರಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. 2023ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆಯು 200 ಯೂನಿಟ್ಟನ್ನು ಮೀರಿದರೆ ಪೂರ್ಣ ಬಿಲ್ಲನ್ನು ತೆರಬೇಕೆಂಬ ನಿಯಮವಿದೆ. ನಮ್ಮ ಉಪಾಧ್ಯಾಯರ ಕಾರೊಂದೇ ತಿಂಗಳಿಗೆ 230 ಯೂನಿಟ್ಟಿನಷ್ಟು ಎಳೆಯುವುದರಿಂದ, ಅದುವರೆಗೆ ಉಚಿತವಾಗಿದ್ದ ಮನೆಯ ನೂರು ಯೂನಿಟ್ಟಿಗೂ ಹಣ ಕೊಡಬೇಕಾದೀತು. ಅದು ಏಳುನೂರು ರೂಪಾಯಿ. ಪೆಟ್ರೋಲಿನಲ್ಲಿ ತಿಂಗಳಿಗೆ ಎಂಟು ಸಾವಿರಕ್ಕೂ ಮಿಕ್ಕಿ ಉಳಿಯುವುದರಿಂದ ಇದು ಹೊರಲಾರದ ಭಾರವೇನೂ ಅಲ್ಲ. ಆದರೂ ಮೊದಲೇ ತಿಳಿದಿರುವುದು ಲೇಸು. ಗಾಡಿಗೆಂದೇ ಬೇರೆ ಮೀಟರು ಪಡೆಯಬಹುದೇ ಎಂಬುದನ್ನು ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸತಕ್ಕದ್ದು. 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯು ಮನೆಯ ಮಾಳಿಗೆಯ ಮೇಲಿನ ಮೂರು ಕಿಲೋವಾಟಿನ ಸೌರಫಲಕಗಳಿಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿತು. ನಮ್ಮ ಕಡೆಯ ಬಿಸಿಲಿನಲ್ಲಿ ಅಂಥ ಫಲಕಗಳು ದಿನಕ್ಕೆ ಹನ್ನೆರಡು ಯೂನಿಟ್ಟಿನಷ್ಟು ಕೊಡಬಲ್ಲವು; ಔರಾದಿಗೆ ಹೋಗಿಬರುವ ಖರ್ಚು ಅಲ್ಲಿಗೆ ಸರಿಹೋಯಿತು.

ಹಣಕ್ಕಿಂತಲೂ ಮುಖ್ಯವಾದುದು ಪ್ರಾಣ. ಮೂರು ಕಿಲೋವಾಟು ನಾಲ್ಕು ಗಂಟೆಗಳ ಕಾಲ ಎಡೆಬಿಡದೆ ಹರಿಯುವಾಗ ಹಳೆಯ ಸಣ್ಣ ತಂತಿಗಳು ಕಾಯುತ್ತವೆ. ವಿದ್ಯುತ್ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುವುದೆಂಬ ಜೌಲನ ನಿಯಮವನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ನೋಡಿರುತ್ತಾರೆ. ಅದು ಮನೆಯ ಗೋಡೆಯೊಳಗೂ ಸತ್ಯವೇ. ಆದುದರಿಂದ ಮಂಜೂರಾದ ಲೋಡನ್ನು ಹೆಚ್ಚಿಸಿಕೊಂಡು, ಗಾಡಿಗೆ ಪ್ರತ್ಯೇಕವಾದ ದಪ್ಪ ತಂತಿಯನ್ನು ಎಳೆಸಬೇಕು. ಅರ್ಥಿಂಗನ್ನು ಮರೆಯಲೇಬಾರದು. ಬೀದರು ನಿಂತಿರುವುದು ಜಂಬಿಟ್ಟಿಗೆ ನೆಲದ ಮೇಲೆ; ಬೇಸಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗಿನ ರೋಧ ಏರುವುದು. ಗುಂಡಿಗೆ ಆಗಾಗ ನೀರು ಹಾಕಿ, ವರ್ಷಕ್ಕೊಮ್ಮೆ ಬಲ್ಲವರಿಂದ ಅಳತೆ ಮಾಡಿಸಬೇಕು.

ಇನ್ನೊಂದು ಆಕ್ಷೇಪವಿದೆ: “ವಿದ್ಯುತ್ ಕಾರು ಹೊಗೆಯನ್ನು ನಿಲ್ಲಿಸುವುದಿಲ್ಲ, ಬೀದರಿನ ಹೊಗೆಯನ್ನು ರಾಯಚೂರಿಗೆ ಕಳುಹಿಸುತ್ತದೆ, ಅಷ್ಟೇ.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ತಯಾರಿಸುತ್ತಿರುವುದು ನಿಜ. ಆದರೆ ಅದೇ ತಂತಿಗಳಲ್ಲಿ ಶರಾವತಿಯ ನೀರಿನ ಶಕ್ತಿಯೂ, ಪಾವಗಡದ ಬಿಸಿಲಿನ ಶಕ್ತಿಯೂ ಬೆರೆತು ಹರಿಯುತ್ತವೆ. ಇಡೀ ದೇಶದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುವುದು. ಸಾಗಣೆಯ ನಷ್ಟವನ್ನೂ ಸೇರಿಸಿ ಕಿಲೋಮೀಟರಿಗೆ 0.16 ಯೂನಿಟ್ಟು ಎಂದರೆ 112 ಗ್ರಾಂ. ಪೆಟ್ರೋಲು ಲೀಟರಿಗೆ 2,300 ಗ್ರಾಂ ಉಗುಳುವುದು; ಕಿಲೋಮೀಟರಿಗೆ 144 ಗ್ರಾಂ, ಕಚ್ಚಾ ತೈಲವನ್ನು ಶುದ್ಧಿಮಾಡಿ ಸಾಗಿಸುವ ಖರ್ಚು ಸೇರಿ ಸುಮಾರು 170 ಗ್ರಾಂ. ವ್ಯತ್ಯಾಸ ಅರವತ್ತು ಗ್ರಾಂನ ಹತ್ತಿರ. ಕಲ್ಲಿದ್ದಲಿನ ಪಾಲು ಕುಗ್ಗಿದಂತೆಲ್ಲ ಇದು ಹಿಗ್ಗುವುದು. ಪೆಟ್ರೋಲು ಕಾರಿನ ಹೊಗೆ ಮಾತ್ರ ವರ್ಷ ಕಳೆದಂತೆ ತಾನಾಗಿ ಶುದ್ಧವಾಗುವುದಿಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳು ನಿಲ್ಲುವ ಬೀದಿಯಲ್ಲಿ ಹೊಗೆಯೇ ಇಲ್ಲದಿರುವುದೂ ಒಂದು ಲಾಭವೆಂಬುದನ್ನು ಒಪ್ಪಲೇಬೇಕು.

ಆದರೆ ಈ ಅರವತ್ತು ಗ್ರಾಂನ ಲಾಭ ಮೊದಲ ದಿನದಿಂದಲೇ ಕೈಗೆ ಹತ್ತುವುದಿಲ್ಲ. ಬ್ಯಾಟರಿಯನ್ನು ತಯಾರಿಸುವಾಗಲೇ ಗಣಿಯಲ್ಲಿಯೂ ಕಾರಖಾನೆಯಲ್ಲಿಯೂ ಬಹಳ ಇಂಧನ ಉರಿಯುತ್ತದೆ. ಯೂನಿಟ್ಟೊಂದಕ್ಕೆ ಎಂಬತ್ತು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡೆಂದು ಹಿಡಿದರೆ 24 ಯೂನಿಟ್ಟಿನ ಬ್ಯಾಟರಿಯು ಎರಡು ಟನ್ನಿನಷ್ಟು ಸಾಲವನ್ನು ಹೊತ್ತುಕೊಂಡೇ ಮನೆಗೆ ಬರುವುದು. ಕಿಲೋಮೀಟರಿಗೆ ಅರವತ್ತು ಗ್ರಾಂನಂತೆ ಈ ಸಾಲ ತೀರಲು 33,000 ಕಿಲೋಮೀಟರು ಸಾಗಬೇಕು. ಉಪಾಧ್ಯಾಯರು ಒಂದೂ ಮುಕ್ಕಾಲು ವರ್ಷದೊಳಗೆ ತೀರಿಸುವರು. ವರ್ತಕರಿಗೆ ಹದಿನಾಲ್ಕು ವರ್ಷವಾದರೂ ಬೇಕು.

ಓದುಗರು ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಹಣದ ಲೆಕ್ಕವೂ ಗಾಳಿಯ ಲೆಕ್ಕವೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಹೆಚ್ಚು ಓಡಿದ ವಿದ್ಯುತ್ ಕಾರೇ ಒಳ್ಳೆಯ ವಿದ್ಯುತ್ ಕಾರು. ಆದರೆ ಲೋಕದಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ದಿನವೂ ದೂರ ಹೋಗುವವರು “ದಾರಿಯಲ್ಲಿ ನಿಂತುಹೋದರೆ?” ಎಂದು ಹೆದರಿ ಹಿಂಜರಿಯುವರು; ಅನುಕೂಲವಂತರು ಪೇಟೆಗೆ ಹೋಗಿಬರುವುದಕ್ಕೆಂದು ಎರಡನೆಯ ಗಾಡಿಯಾಗಿ ಅದನ್ನು ಕೊಂಡು, ಲೋಕೋಪಕಾರ ಮಾಡಿದೆವೆಂದು ತೃಪ್ತರಾಗುವರು. ಅಂಗಳದಲ್ಲಿ ನಿಂತ ವಿದ್ಯುತ್ ಕಾರಿನಿಂದ ಮನೆಗೂ ಉಪಕಾರವಿಲ್ಲ, ಊರಿಗೂ ಉಪಕಾರವಿಲ್ಲ. ಸರಕಾರದ ಪ್ರೋತ್ಸಾಹವೂ ಕೊಳ್ಳುವವರನ್ನು ಎಣಿಸುವುದಕ್ಕಿಂತ ಓಡಿಸುವವರನ್ನು ಹುಡುಕಿಕೊಂಡು ಹೋಗಬೇಕು: ಆಟೋರಿಕ್ಷಾ, ಬಾಡಿಗೆ ಕಾರು, ಸರಕು ಗಾಡಿ, ತಾಲ್ಲೂಕುಗಳ ನಡುವೆ ದಿನವೂ ಓಡಾಡುವ ನೌಕರರು—ಇವರಿಗೆ ಮೊದಲ ಪ್ರಾಶಸ್ತ್ಯ ಸಲ್ಲಬೇಕು. ಭಾಲ್ಕಿ, ಔರಾದು, ಹುಮನಾಬಾದುಗಳ ಬಸ್ ನಿಲ್ದಾಣಗಳ ಬಳಿ ನಂಬಿಕೆಗೆ ಅರ್ಹವಾದ ಚಾರ್ಜಿಂಗ್ ಕೇಂದ್ರವೊಂದಿದ್ದರೆ, ಇಂಥವರ ಹೆದರಿಕೆಯನ್ನು ಹೋಗಲಾಡಿಸಲು ಅದು ನೂರು ಜಾಹೀರಾತುಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಹಾಗೆಯೇ, ಗಾಡಿಯನ್ನು ಬದಲಾಯಿಸುವ ಮುನ್ನ ಗಾಡಿಯೇ ಬೇಕೆ ಎಂದೂ ಕೇಳಿಕೊಳ್ಳಬೇಕು. ಲೀಟರಿಗೆ ಐದು ಕಿಲೋಮೀಟರು ಓಡುವ ಡೀಸೆಲ್ ಬಸ್ಸಿನಲ್ಲಿ ನಲವತ್ತು ಜನ ಕುಳಿತರೆ ತಲೆಗೆ ಕಿಲೋಮೀಟರಿಗೆ ಸುಮಾರು ಹದಿನೈದು ಗ್ರಾಂ ಮಾತ್ರ ಬೀಳುವುದು. ವಿದ್ಯುತ್ ಕಾರಿನಲ್ಲಿ ಒಬ್ಬನೇ ಕುಳಿತವನ ಪಾಲು 112 ಗ್ರಾಂ. ಔರಾದಿಗೆ ಹೋಗುವ ನಾಲ್ವರು ಉಪಾಧ್ಯಾಯರು ಒಂದೇ ಕಾರಿನಲ್ಲಿ ಹೋದರೆ ಒಬ್ಬೊಬ್ಬರಿಗೆ 28 ಗ್ರಾಂ. ಹೊಸ ಬ್ಯಾಟರಿಯನ್ನು ಕೊಳ್ಳದೆಯೇ, ನೆರೆಯವನನ್ನು ಜೊತೆಗೆ ಕರೆದುಕೊಂಡು ಹೋಗುವುದರಿಂದಲೂ ಎಷ್ಟನ್ನು ಉಳಿಸಬಹುದೆಂಬುದನ್ನು ಈ ಸಂಖ್ಯೆಗಳು ಹೇಳುತ್ತವೆ.

ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ಕೆಲಸ ಸುಲಭವಾದುದು. ಮನೆಯಲ್ಲಿ ಕಾರಿನ ಮಾತು ಬಂದರೆ, ಅಂಗಡಿಗೆ ಹೋಗುವ ಮುನ್ನ ಒಂದು ತಿಂಗಳು ಕಾಲಾವಕಾಶ ಕೇಳಿ. ಪ್ರತಿದಿನ ಸಂಜೆ ಇರುವ ಗಾಡಿಯ ಮೀಟರನ್ನು ನೋಡಿ ಆ ದಿನ ಓಡಿದ ದೂರವನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಅತಿ ಹೆಚ್ಚು ಓಡಿದ ದಿನದ ಸಂಖ್ಯೆಗೆ ಗುರುತು ಹಾಕಿ. ಹಾಕಿಸಿದ ಪೆಟ್ರೋಲಿನ ಲೀಟರುಗಳನ್ನೂ, ವಿದ್ಯುತ್ ಬಿಲ್ಲಿನ ಯೂನಿಟ್ಟುಗಳನ್ನೂ ಪಕ್ಕದಲ್ಲಿ ಬರೆಯಿರಿ. ತಿಂಗಳ ಕೊನೆಯಲ್ಲಿ ಮೊತ್ತವನ್ನು ಹನ್ನೆರಡರಿಂದ ಗುಣಿಸಿ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರಿಗೆ ಮೇಲ್ಪಟ್ಟು, ಅತಿ ದೀರ್ಘವಾದ ದಿನವೂ ನೂರೈವತ್ತರೊಳಗೆ ಇದ್ದರೆ ವಿದ್ಯುತ್ ಕಾರನ್ನು ಧೈರ್ಯವಾಗಿ ಶಿಫಾರಸು ಮಾಡಿ. ಐದು ಸಾವಿರಕ್ಕೆ ಕಡಮೆಯಾದರೆ ಹಳೆಯ ಗಾಡಿಯ ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ಅದನ್ನೇ ಇನ್ನೂ ಕೆಲವು ವರ್ಷ ನಡೆಸುವಂತೆ ಹೇಳಿ. ನಡುವಿನವರು ಹೈದರಾಬಾದಿನ ಪ್ರಯಾಣಗಳನ್ನೂ ಮನೆಯ ತಂತಿಗಳನ್ನೂ ನೋಡಿ ತೀರ್ಮಾನಿಸಲಿ. ಆ ನೋಟುಪುಸ್ತಕದ ಮೂವತ್ತು ಸಾಲುಗಳು ಮಾರಾಟಗಾರನ ಮಾತಿಗಿಂತಲೂ ನಮ್ಮ ಈ ಲೇಖನಕ್ಕಿಂತಲೂ ಹೆಚ್ಚು ನಂಬತಕ್ಕವು.